ನನ್ನ ತಮ್ಮ ಬಲ್ಕ್ ಕ್ಯಾರಿಯರ್ ಹಡಗಿಗೆ ಕೆಡೆಟ್ ಆಗಿ ಹೋಗುತ್ತಿದ್ದಾನೆ, ಏನು ಹೇಳಿ ಕಳಿಸಲಿ?

ಗಿರಿನಗರದ ಅಕ್ಕ

ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಗಿರಿನಗರದಲ್ಲಿ. ನಮ್ಮ ಕಡೆ ಯಾರೂ ಸಮುದ್ರದ ಕೆಲಸಕ್ಕೆ ಹೋದವರಿಲ್ಲ, ನಾವು ಸಮುದ್ರ ನೋಡಿದ್ದೇ ಮುರ್ಡೇಶ್ವರಕ್ಕೆ ಪ್ರವಾಸ ಹೋದಾಗ. ತಮ್ಮ ಪ್ರೀ-ಸೀ ಟ್ರೇನಿಂಗ್ ಮುಗಿಸಿದ್ದಾನೆ. ಮುಂದಿನ ತಿಂಗಳು ಡೆಕ್ ಕೆಡೆಟ್ (ತರಬೇತಿಯ ಅಧಿಕಾರಿ) ಆಗಿ ಒಂದು ಬಲ್ಕ್ ಕ್ಯಾರಿಯರ್, ಅಂದರೆ ಅದಿರು, ಕಲ್ಲಿದ್ದಲು, ಧಾನ್ಯವನ್ನು ಹಾಗೇ ಸುರಿದು ಸಾಗಿಸುವ ಹಡಗು ಹತ್ತುತ್ತಾನೆ. ವಯಸ್ಸು 20.

ಕಂಪನಿಯವರು ಅವನಿಗೆ ಒಂದಷ್ಟು ಪಿಡಿಎಫ್ ಕಳಿಸಿದ್ದಾರೆ. ಅದರಲ್ಲಿ ಅರ್ಧ ಹಡಗಿಗೆ ವಿಮೆ ಕೊಡುವ ಯಾವುದೋ ಕ್ಲಬ್ಬಿನವು, ಮೇಲೆ "ಲಾಸ್ ಪ್ರಿವೆನ್ಷನ್" ಅಂತ ಇದೆ. ಅವನು ತೆರೆದೂ ನೋಡಿಲ್ಲ. "ಅದು ಮಾಲೀಕರಿಗೆ ನಷ್ಟ ಆಗಬಾರದು ಅಂತ ಬರೆದಿರೋದು ಅಕ್ಕ, ನನಗೇನು" ಅನ್ನುತ್ತಾನೆ. ನಾನು ಒಂದು ರಾತ್ರಿ ಕೂತು ಓದಿದೆ. ಒಂದು ಕಡೆ, ಹೋಲ್ಡಿಗೆ (ಸರಕು ತುಂಬುವ ಹಡಗಿನ ಹೊಟ್ಟೆಗೆ) ಇಳಿಯುವ ಸಣ್ಣ ಮುಚ್ಚಳದೊಳಗೆ ಒಬ್ಬ ಹೋಗಿ ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನೂ ಬಿದ್ದ ಅಂತ ಇತ್ತು. ಬೆಂಕಿ ಇಲ್ಲ, ಬಿರುಗಾಳಿ ಇಲ್ಲ, ಹಡಗು ಬಂದರಿನಲ್ಲೇ ಕಟ್ಟಿ ನಿಂತಿತ್ತು. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಅಮ್ಮನ ಭಯ ಬೇರೆ. 2025ರ ಜೂನ್‌ನಲ್ಲಿ ವಾನ್ ಹೈ 503 ಹಡಗಿಗೆ ಕೇರಳದ ಆಚೆ ಬೆಂಕಿ ಬಿದ್ದು, ಬದುಕಿ ಬಂದವರನ್ನು ಮಂಗಳೂರಿಗೆ ಕರೆತಂದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವರಿಗೆ ಹಡಗು ಅಂದರೆ ಬೆಂಕಿ ಅಂತಲೇ ಆಗಿದೆ.

ಹಡಗಿನಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದರೆ ಹೇಳಿ. ಈ ಪಿಡಿಎಫ್‌ಗಳು ನಿಜವಾಗಿ ಕೆಡೆಟ್‌ಗೂ ಬೇಕಾ? ಬೇಕು ಅಂದರೆ ಅವನು ಯಾವುದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು? ಮನೆಯಲ್ಲಿರುವ ನಾವು ಏನಾದರೂ ಮಾಡಬಹುದಾ, ಸುಮ್ನೆ ದೇವರಿಗೆ ಕೈ ಮುಗಿಯುವುದು ಬಿಟ್ಟು?

ಹಳೇ ಎಂಜಿನಿಯರ್, ಮಲ್ಲೇಶ್ವರ

ಅಮ್ಮಾ, ನೀವು ಓದಿದ ಆ ಪುಟವೇ ಎಲ್ಲಕ್ಕಿಂತ ಮುಖ್ಯ. ನಾನು 31 ವರ್ಷ ಹಡಗಿನಲ್ಲಿದ್ದೆ, ಚೀಫ್ ಎಂಜಿನಿಯರ್ ಆಗಿ ನಿವೃತ್ತನಾದೆ. ಬಿರುಗಾಳಿಗೆ ನಾನು ಅಷ್ಟು ಹೆದರಲಿಲ್ಲ, ಮುಚ್ಚಿದ ಜಾಗಕ್ಕೆ ಹೆದರಿದೆ.

ನಾನು ಗದಗ ಕಡೆಯವನು. ಅಜ್ಜನ ಮನೆಯಲ್ಲಿ ಜೋಳ ತುಂಬಿಡುವ ಹಗೇವು ಇತ್ತು, ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ತೆಗೆದ ದಿನವೇ ಯಾರನ್ನೂ ಇಳಿಸುತ್ತಿರಲಿಲ್ಲ. ಒಂದು ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಉರಿದರೆ ಆಳು ಇಳಿಯಬಹುದು, ಆರಿದರೆ ಇಲ್ಲ. ಜೋಳದ ಕಾಳು ಕೂಡ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತಿಂದು ಹಾಕುತ್ತದೆ ಅನ್ನುವುದು ಅಜ್ಜನಿಗೆ ಓದಿ ಗೊತ್ತಿರಲಿಲ್ಲ, ಸತ್ತವರನ್ನು ನೋಡಿ ಗೊತ್ತಿತ್ತು. ಬಲ್ಕ್ ಕ್ಯಾರಿಯರ್‌ನ ಹೋಲ್ಡ್ ಅಂದರೆ ಅದೇ ಹಗೇವು, ಎಷ್ಟೋ ಪಟ್ಟು ದೊಡ್ಡದು. ಕಲ್ಲಿದ್ದಲು, ಮರದ ದಿಮ್ಮಿ, ಮರದ ಪುಡಿಯ ಗುಳಿಗೆ, ಧಾನ್ಯ, ಹಳೇ ಕಬ್ಬಿಣದ ಗುಜರಿ, ಎಲ್ಲವೂ ಆಮ್ಲಜನಕ ತಿನ್ನುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಅಂದರೇ ಅದು ಗಾಳಿಯ ಆಮ್ಲಜನಕ ಹೀರುತ್ತಿದೆ ಅಂತ. ಹಾಗಾಗಿ ಏನೂ ತುಂಬದೆ ತಿಂಗಳುಗಟ್ಟಲೆ ಮುಚ್ಚಿಟ್ಟ ಬ್ಯಾಲಾಸ್ಟ್ ಟ್ಯಾಂಕ್ (ಹಡಗಿನ ಸಮತೋಲಕ್ಕೆ ನೀರು ತುಂಬುವ ಟ್ಯಾಂಕ್), ಆಂಕರ್ ಚೈನ್ ಇಡುವ ಲಾಕರ್ ಕೂಡ ಕೊಲ್ಲುತ್ತವೆ. ಹೋಲ್ಡ್ ಬಿಡಿ, ಹೋಲ್ಡಿಗೆ ಇಳಿಯುವ ಏಣಿ ಇರುವ ಕಿರಿದಾದ ಗೂಡು ಇನ್ನೂ ಅಪಾಯ, ಏಕೆಂದರೆ ಹೋಲ್ಡಿನ ದೊಡ್ಡ ಮುಚ್ಚಳ (ಹ್ಯಾಚ್) ತೆರೆದು ಗಾಳಿ ಆಡಿದರೂ ಅಲ್ಲಿಗೆ ಅದು ತಲುಪುವುದಿಲ್ಲ.

ಹಡಗಿನಲ್ಲಿ ದೀಪ ಬಿಡುವ ಮಾತೇ ಇಲ್ಲ, ಕಲ್ಲಿದ್ದಲಿನ ಮೀಥೇನ್ ಇದ್ದರೆ ಸ್ಫೋಟ. ಅಲ್ಲಿ ಮೀಟರ್ ಇದೆ. ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಈ ನಾಲ್ಕನ್ನೂ ಅಳೆಯುವ ಮೀಟರ್ 2016ರ ಜುಲೈನಿಂದ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮದ ಪ್ರಕಾರ ಹಡಗಿನಲ್ಲಿ ಇರಲೇಬೇಕು. ಆಮ್ಲಜನಕ 20.9 ಪರ್ಸೆಂಟ್ ತೋರಿಸಬೇಕು. 19 ತೋರಿಸಿದರೆ "ಪರವಾಗಿಲ್ಲ, ಹತ್ತಿರ ಇದೆ" ಅನ್ನುವುದಲ್ಲ. ಹೋದ ಆ ಎರಡು ಪಾಲಿನ ಜಾಗಕ್ಕೆ ಏನು ಬಂದು ಕೂತಿದೆ ಅಂತ ಕೇಳಬೇಕು. ಇನ್ನೊಂದು ಮಾತು, ಧಾನ್ಯಕ್ಕೆ ಹುಳ ಹಿಡಿಯದಂತೆ ಹಾಕುವ ಫಾಸ್ಫೀನ್ ಈ ನಾಲ್ಕರ ಮೀಟರ್‌ಗೆ ಕಾಣುವುದಿಲ್ಲ. ಅದಕ್ಕೆ ಬೇರೆ ಮೀಟರ್ ಬೇಕು.

ಕೆಡೆಟ್‌ಗೆ ಯಾಕೆ ಬೇಕು ಅಂದಿರಿ. ಟ್ಯಾಂಕಿನ ಬಾಯಲ್ಲಿ ವಾಕಿಟಾಕಿ ಹಿಡಿದು ನಿಲ್ಲುವ ಕೆಲಸ ಬಹಳ ಸಲ ಕೆಡೆಟ್‌ಗೇ ಬರುತ್ತದೆ. ಒಳಗೆ ಹೋದವನು ಬಿದ್ದದ್ದನ್ನು ಮೊದಲು ನೋಡುವವನು ಅವನೇ. ಆ ಗಳಿಗೆಯಲ್ಲಿ ಕಾಲು ತಾನಾಗಿ ಒಳಗೆ ಇಡಲು ಹೋಗುತ್ತದೆ. ನನ್ನ ಕಣ್ಣೆದುರೇ ಆಗಿದೆ. ಒಂದು ಹಡಗಿನಲ್ಲಿ ಕೆಳಗೆ ಬಿದ್ದ ಟಾರ್ಚ್ ತರಲು ಒಬ್ಬ ಹುಡುಗ ಇಳಿದ, ಮೇಲೆ ಬರಲಿಲ್ಲ. ಅವನ ಹಿಂದೆಯೇ ಇಳಿಯಲು ಹೊರಟ ಬೋಸನ್‌ನನ್ನು (ಡೆಕ್ ಕೆಲಸಗಾರರ ಮೇಸ್ತ್ರಿ) ನಾನು ಮತ್ತು ಇನ್ನೊಬ್ಬರು ಅಂಗಿ ಹಿಡಿದು ಎಳೆದು ಕೂರಿಸಿದೆವು. ಅವನು ನಮ್ಮನ್ನು ಬೈಯುತ್ತಿದ್ದ, ಅಳುತ್ತಿದ್ದ. ಉಸಿರಾಟದ ಸಿಲಿಂಡರ್ ಹಾಕಿಕೊಂಡ ತಂಡ ಹುಡುಗನನ್ನು ತೆಗೆದಾಗ ಜೀವ ಇರಲಿಲ್ಲ. ಬೋಸನ್ ಬದುಕಿದ. ಬೆಂಗಳೂರಿನಲ್ಲಿ ಮ್ಯಾನ್‌ಹೋಲ್‌ನಲ್ಲಿ, ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ ಟ್ಯಾಂಕಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುವುದೂ ಹೀಗೇ.

ನಿಮ್ಮ ತಮ್ಮನಿಗೆ ಇದನ್ನು ಬಾಯಿಪಾಠ ಮಾಡಿಸಿ. ಯಾರಾದರೂ ಬಿದ್ದರೆ ಅಲಾರಂ ಒತ್ತು, ಬ್ರಿಜ್‌ಗೆ (ಹಡಗು ನಡೆಸುವ ಕೋಣೆಗೆ) ಕೂಗು, ಬಾಯಲ್ಲೇ ನಿಲ್ಲು. ಇಳಿಯಬೇಡ. ಗೋಡೆಗೆ ತೂಗು ಹಾಕಿರುವ ಇಇಬಿಡಿ ಕೂಡ ಹಾಕಿಕೊಂಡು ಇಳಿಯಬೇಡ, ಅದು ಹೊಗೆಯಿಂದ ಓಡಿ ಹೊರಬರಲು ಕೆಲವೇ ನಿಮಿಷ ಗಾಳಿ ಕೊಡುವ ಚೀಲ, ಒಳಗೆ ಹೋಗಲು ಅಲ್ಲ. ಮುಖಕ್ಕೆ ಹಾಕುವ ಫಿಲ್ಟರ್ ಮಾಸ್ಕ್ ಅಂತೂ ಇಲ್ಲದ ಆಮ್ಲಜನಕವನ್ನು ಎಲ್ಲಿಂದ ತರುತ್ತದೆ? ಮುಚ್ಚಿದ ಜಾಗದಿಂದ ಆಳನ್ನು ತೆಗೆಯುವ ಡ್ರಿಲ್ 2015ರಿಂದ ಎರಡು ತಿಂಗಳಿಗೊಮ್ಮೆ ಕಡ್ಡಾಯ. ಅದನ್ನು ಬರೀ ಫೋಟೊ ತೆಗೆದು ಮುಗಿಸುವ ಹಡಗುಗಳಿವೆ. ಅವನು ಕೇಳಿಕೊಂಡಾದರೂ ಸಿಲಿಂಡರ್ ಬೆನ್ನಿಗೆ ಹಾಕಿ, ಆ ಸಣ್ಣ ಬಾಯಲ್ಲಿ ತೂರುತ್ತಾ ಅಂತ ನೋಡಲಿ. ಎಷ್ಟೋ ಕಡೆ ತೂರುವುದಿಲ್ಲ, ಅದು ಡ್ರಿಲ್‌ನಲ್ಲಿ ಗೊತ್ತಾದರೆ ಒಳ್ಳೆಯದು.

ಕ್ಲೇಮ್ಸ್ ಮೇಜು

ನಾನು ಬೆಂಗಳೂರಿನಲ್ಲೇ ಕೂತು ಹಡಗು ಮಾಲೀಕರ ಕ್ಲೇಮ್‌ಗಳ ಕಾಗದ ನೋಡುವವನು. ಹಡಗು ಹತ್ತಿದವನಲ್ಲ, ಆದರೆ "ಅದು ಮಾಲೀಕರಿಗೆ ಬರೆದದ್ದು" ಅನ್ನುವ ಮಾತಿಗೆ ಉತ್ತರ ಕೊಡಬಲ್ಲೆ.

ಆ ಕ್ಲಬ್ ಅಂದರೆ ಪಿ ಅಂಡ್ ಐ ಕ್ಲಬ್. ನಮ್ಮ ಸಹಕಾರ ಸಂಘ ಇದ್ದ ಹಾಗೆ. ಹಡಗು ಮಾಲೀಕರೇ ಸದಸ್ಯರು, ಅವರೇ ಹಣ ಹಾಕುತ್ತಾರೆ, ಯಾರ ಹಡಗಿನಲ್ಲಿ ಸಾವು, ಗಾಯ, ಎಣ್ಣೆ ಸೋರಿಕೆ, ಸರಕು ಹಾಳು ಆದರೂ ಆ ಹಣದಿಂದ ಪರಿಹಾರ ಹೋಗುತ್ತದೆ. ಇಂಥ 12 ಕ್ಲಬ್‌ಗಳು ಸೇರಿದ ಒಂದು ಅಂತರರಾಷ್ಟ್ರೀಯ ಗುಂಪು ಇದೆ, ಜಗತ್ತಿನ ಸಮುದ್ರಯಾನದ ಹಡಗುಗಳ ಒಟ್ಟು ಟನ್ನೇಜಿನಲ್ಲಿ ಸುಮಾರು 90 ಪರ್ಸೆಂಟ್ ಇವರ ಕೈಯಲ್ಲಿದೆ. ಹಾಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ಏನಾದರೂ ಆದರೂ ಫೈಲ್ ಇವರ ಮೇಜಿಗೆ ಬರುತ್ತದೆ. ಒಂದೇ ತರಹದ ಫೈಲ್ ನಾಲ್ಕು ಸಲ ಬಂದಾಗ ಒಂದು ಸರ್ಕ್ಯುಲರ್ ಬರೆಯುತ್ತಾರೆ. ಹಣ ಉಳಿಸುವುದು ಉದ್ದೇಶ ಹೌದು. ಆದರೆ ಆ ಹಾಳೆಯಲ್ಲಿ ಇರುವುದು ಮಾಲೀಕನ ಕಥೆ ಅಲ್ಲ, ಡೆಕ್ ಮೇಲೆ ಇದ್ದ ಯಾರದೋ ಮಗನ ಕಥೆ. ನಾನು ಆ ಫೈಲ್‌ಗಳಲ್ಲಿ ಮನೆಯವರ ಪತ್ರಗಳನ್ನು ಓದುತ್ತೇನೆ. ನಿಮ್ಮ ತಮ್ಮ ದಯವಿಟ್ಟು ಓದಲಿ.

ಬಲ್ಕ್ ಕ್ಯಾರಿಯರ್ ಅಂದಿರಿ, ಅದಕ್ಕೆ ಸರಕು ನೀರಾಗುವ ವಿಷಯ ಹೇಳಲೇಬೇಕು. 2009ರ ಜುಲೈನಲ್ಲಿ ಏಷ್ಯನ್ ಫಾರೆಸ್ಟ್ ಅನ್ನುವ ಹಡಗು ನಮ್ಮ ಮಂಗಳೂರಿನ ಹತ್ತಿರವೇ ಮುಳುಗಿತು. ಸಿಬ್ಬಂದಿ ಬದುಕಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಡಿಶಾದ ಪಾರಾದೀಪ್ ಹತ್ತಿರ ಬ್ಲ್ಯಾಕ್ ರೋಸ್ ಮುಳುಗಿತು. ಎರಡರಲ್ಲೂ ಇದ್ದದ್ದು ಕಬ್ಬಿಣದ ಅದಿರಿನ ಪುಡಿ, ಎರಡೂ ಮಳೆಗಾಲ.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿರುತ್ತೀರಿ ಅಲ್ವಾ? ಸುರಿದ ಕಾಂಕ್ರೀಟ್ ಗುಡ್ಡೆಯಾಗಿ ನಿಂತಿರುತ್ತದೆ, ವೈಬ್ರೇಟರ್ ಇಟ್ಟ ತಕ್ಷಣ ಪಾಯಸದ ಹಾಗೆ ಹರಿದು ಮಟ್ಟ ಆಗುತ್ತದೆ. ನೀರು ಹೊಸದಾಗಿ ಹಾಕಿಲ್ಲ, ಒಳಗಿದ್ದ ನೀರೇ ಅಲುಗಾಟಕ್ಕೆ ಮೇಲೆದ್ದಿತು. ಅದಿರಿನ ಪುಡಿಯೂ ಹಾಗೇ. ತುಂಬುವಾಗ ಒಣಗಿದಂತೆ ಕಾಣುವ ಗುಡ್ಡೆ, ಅಲೆ ಮತ್ತು ಎಂಜಿನ್ ಅಲುಗಾಡಿಸಿ ಅಲುಗಾಡಿಸಿ ಎರಡು ಮೂರು ದಿನಕ್ಕೆ ಕೆಸರು. ಹಡಗು ಒಂದು ಕಡೆ ವಾಲಿದಾಗ ಕೆಸರೂ ಆ ಕಡೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಲೈಫ್‌ಬೋಟ್ ಇಳಿಸಲೂ ಸಮಯ ಸಿಗದೆ ಹೋದ ಹಡಗುಗಳಿವೆ.

ಅದಕ್ಕೇ ಐಎಂಎಸ್‌ಬಿಸಿ ಕೋಡ್ ಅನ್ನುವ, ಸುರಿದು ಸಾಗಿಸುವ ಸರಕಿನ ಅಂತರರಾಷ್ಟ್ರೀಯ ನಿಯಮ ಇದೆ, 2011ರಿಂದ ಕಡ್ಡಾಯ. ಇಂಥ ಸರಕಿನಲ್ಲಿ ಎಷ್ಟು ತೇವ ಇದ್ದರೆ ಸಾಗಿಸಬಹುದು ಅನ್ನುವ ಮಿತಿ ಒಂದು, ಈಗ ನಿಜವಾಗಿ ಎಷ್ಟು ತೇವ ಇದೆ ಅನ್ನುವುದು ಇನ್ನೊಂದು, ಎರಡನ್ನೂ ಸರಕು ಕಳಿಸುವವರು ಕಾಗದದಲ್ಲಿ ಕೊಡಬೇಕು. ತೇವದ ಪರೀಕ್ಷೆಗೂ ತುಂಬುವುದಕ್ಕೂ ನಡುವೆ 7 ದಿನಕ್ಕಿಂತ ಜಾಸ್ತಿ ಆಗಿರಬಾರದು, ನಡುವೆ ಜೋರು ಮಳೆ ಬಂದರೆ ಮತ್ತೆ ಪರೀಕ್ಷೆ. ಹಡಗಿನಲ್ಲೇ ಮಾಡುವ ಡಬ್ಬದ ಪರೀಕ್ಷೆ ಕೆಡೆಟ್ ಕೈಗೆ ಬರುತ್ತದೆ. ಅರ್ಧ ಲೀಟರ್‌ನಿಂದ ಒಂದು ಲೀಟರ್ ಹಿಡಿಯುವ ಡಬ್ಬಕ್ಕೆ ಅರ್ಧ ಸರಕು ತುಂಬಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಒಸರಿದರೆ ಲೋಡಿಂಗ್ ನಿಲ್ಲಿಸಿ ಲ್ಯಾಬ್‌ಗೆ ಕಳಿಸಬೇಕು. ನೀರು ಬರದಿದ್ದರೆ ಸರಕು ಸರಿ ಇದೆ ಅಂತ ಅರ್ಥ ಅಲ್ಲ. ಈ ಎರಡನೇ ಮಾತನ್ನು ಮರೆಯುವವರೇ ಜಾಸ್ತಿ.

ಸರಕು ಒದ್ದೆ ಕಂಡರೆ, ಹ್ಯಾಚ್ ಕವರ್ ರಬ್ಬರ್ ಹರಿದದ್ದು ಕಂಡರೆ, ಫೋಟೊ ತೆಗೆದು ಸಮಯ ಬರೆದು ಚೀಫ್ ಆಫೀಸರ್‌ಗೆ ತೋರಿಸಲಿ. ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಬಾರದು. ನಿಮ್ಮ ತಾಯಿಗೆ ಒಂದು ಮಾತು: ವಾನ್ ಹೈ ಕಂಟೇನರ್ ಹಡಗು, ಸಾವಿರಾರು ಮುಚ್ಚಿದ ಪೆಟ್ಟಿಗೆ, ಒಳಗೇನಿದೆ ಅನ್ನುವುದಕ್ಕೆ ಹಡಗಿನವರಿಗೆ ಕಾಗದ ಒಂದೇ ಆಧಾರ. ಬಲ್ಕ್ ಹಡಗಿನ ಅಪಾಯಗಳು ಬೇರೆ.

ಡೆಕ್ ಹುಡುಗ, ರಾಜಾಜಿನಗರ

ನಾನು ಸೆಕೆಂಡ್ ಆಫೀಸರ್, ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ. ಮೇಲಿನ ಇಬ್ಬರೂ ದೊಡ್ಡ ವಿಷಯ ಹೇಳಿದ್ದಾರೆ, ನಾನು ದಿನಾ ಆಗುವುದನ್ನು ಹೇಳುತ್ತೇನೆ.

ಹಗ್ಗ. ಬಂದರಿಗೆ ಕಟ್ಟುವಾಗ ಬಿಗಿದ ಹಗ್ಗ ತುಂಡಾದರೆ ತುದಿ ಹಿಂದಕ್ಕೆ ಚಿಮ್ಮುತ್ತದೆ, ಅದು ಬರುವುದನ್ನು ನೋಡಿ ಬಗ್ಗುವಷ್ಟು ಸಮಯ ಇರುವುದಿಲ್ಲ. ಕೆಲವು ಹಡಗುಗಳಲ್ಲಿ ಡೆಕ್ ಮೇಲೆ ಹಳದಿ ಗೆರೆ ಹಾಕಿ "ಇಲ್ಲಿ ನಿಲ್ಲಬೇಡಿ" ಅಂತ ಬರೆದಿರುತ್ತಾರೆ. ಗೆರೆಯ ಆಚೆ ಕ್ಷೇಮ ಅಂತ ಅವನು ನಂಬಬಾರದು. ಹಗ್ಗ ರೋಲರ್ ಸುತ್ತಿ ತಿರುಗಿದಾಗ ಅದು ಯಾವ ಕಡೆ ಬರುತ್ತದೆ ಹೇಳಲಾಗುವುದಿಲ್ಲ. ಬ್ರಿಟನ್ನಿನ ಸುರಕ್ಷತಾ ಸಂಹಿತೆಯೇ ಈಗ ಗೆರೆ ಹಾಕಬೇಡಿ, ಹಗ್ಗ ಕಟ್ಟುವ ಇಡೀ ಮೂರಿಂಗ್ ಡೆಕ್ ಅಪಾಯದ ಜಾಗ ಅಂತ ನೋಡಿ ಅನ್ನುತ್ತದೆ. ಸುತ್ತಿ ಬಿದ್ದ ಹಗ್ಗದ ಒಳಗೆ ಕಾಲಿಡಬಾರದು, ಯಾವತ್ತೂ.

ಬಂದರಿಗೆ ದಾರಿ ತೋರಿಸಲು ದೋಣಿಯಲ್ಲಿ ಬರುವ ಪೈಲಟ್ ಹತ್ತುವ ಏಣಿ ಕಟ್ಟುವುದು ಕೂಡ ಅವನ ಕೆಲಸವೇ. ಅದರ ಮೇಲೆ ಹತ್ತುವವನು ನಮ್ಮ ಹಡಗಿನವನಲ್ಲ, ನಮ್ಮ ಗಂಟನ್ನು ನಂಬಿ ಹತ್ತುತ್ತಾನೆ. 9 ಮೀಟರ್‌ಗಿಂತ ಜಾಸ್ತಿ ಹತ್ತಬೇಕಾದರೆ ಪಕ್ಕದ ಮೆಟ್ಟಿಲೂ ಜೋಡಿಸಬೇಕು.

ಆಮೇಲೆ ನಿದ್ದೆ. ನಿಯಮ ಏನೆಂದರೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ಎರಡಕ್ಕಿಂತ ಜಾಸ್ತಿ ತುಂಡು ಮಾಡುವಂತಿಲ್ಲ, ಒಂದು ತುಂಡು 6 ಗಂಟೆಯದಾದರೂ ಇರಬೇಕು, 7 ದಿನಕ್ಕೆ 77 ಗಂಟೆ. ಕಾಗದದಲ್ಲಿ ಎಲ್ಲ ಹಡಗಿನಲ್ಲೂ ಇದು ಸರಿಯಾಗಿ ಇರುತ್ತದೆ. ನಾನು ಕೆಡೆಟ್ ಆಗಿದ್ದಾಗ ಒಂದು ಹಡಗಿನಲ್ಲಿ ಮಾಡದ ವಿಶ್ರಾಂತಿಗೆ ಸಹಿ ಹಾಕಿಸಿಕೊಂಡರು, ನಾನೂ ಹಾಕಿದೆ. ಮೂರನೇ ದಿನ ಹೋಲ್ಡ್ ತೊಳೆಯುವಾಗ ಏಣಿಯ ಮೇಲೆ ಕಣ್ಣು ಮುಚ್ಚಿತು. ಕೈ ಜಾರಲಿಲ್ಲ, ಅಷ್ಟೇ. ಅವತ್ತು ಸಹಿ ಹಾಕಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಅದಕ್ಕೇ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ನಮ್ಮ ಮನೆಗಳಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಬೆಳೆಸುತ್ತಾರೆ. ಒಳ್ಳೆಯ ಗುಣವೇ. ಆದರೆ ಹಡಗಿನಲ್ಲಿ 20 ವರ್ಷದ ಹುಡುಗ 50 ವರ್ಷದ ಬೋಸನ್‌ಗೆ "ಸರ್, ಒಂದು ನಿಮಿಷ ನಿಲ್ಲಿಸಿ, ಮೀಟರ್ ನೋಡೋಣ" ಅನ್ನಬೇಕಾಗುತ್ತದೆ. ಆ ಮಾತು ಬಾಯಿಂದ ಹೊರಡುವುದಿಲ್ಲ. ನಿಯಮ ಗೊತ್ತಿಲ್ಲದೆ ಅಲ್ಲ, ನಾಲಿಗೆ ಏಳುವುದಿಲ್ಲ. ಕೆಲಸ ನಿಲ್ಲಿಸುವ ಹಕ್ಕು ಯಾರಿಗೆ ಬೇಕಾದರೂ ಇದೆ ಅಂತ ಕಂಪನಿಗಳ ಪುಸ್ತಕದಲ್ಲೇ ಬರೆದಿರುತ್ತಾರೆ. ಹಡಗಿನಲ್ಲಿ ಕೇಳದಿದ್ದರೆ ದಡದಲ್ಲಿ ಡಿಪಿಎ ಅಂತ ಒಬ್ಬ ಅಧಿಕಾರಿ ಇರುತ್ತಾರೆ, ಅವರ ನಂಬರ್ ಹಡಗಿನಲ್ಲಿ ಗೋಡೆಗೆ ಅಂಟಿಸಿರುತ್ತಾರೆ. 1987ರಲ್ಲಿ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನುವ ಫೆರ್ರಿ ಮುಂಬಾಗಿಲು ಮುಚ್ಚದೆ ಹೊರಟು 193 ಜನ ಸತ್ತ ಮೇಲೆ ಬಂದ, ಹಡಗು ಕಂಪನಿಗಳ ಸುರಕ್ಷತೆಯ ಐಎಸ್‌ಎಂ ಕೋಡ್‌ನಲ್ಲಿ ಆ ಹುದ್ದೆ ಹುಟ್ಟಿತು. ನೀವು ಮನೆಯಲ್ಲಿ ಅವನ ಕೈಲಿ ಆ ಒಂದು ವಾಕ್ಯವನ್ನು ಜೋರಾಗಿ ನಾಲ್ಕು ಸಲ ಹೇಳಿಸಿ, ಇಂಗ್ಲಿಷಿನಲ್ಲೂ ಹೇಳಿಸಿ, ಹಿಂದಿಯಲ್ಲೂ ಹೇಳಿಸಿ. ಕೆಲಸ ಹೋದರೂ ಪರವಾಗಿಲ್ಲ, ಮನೆಗೆ ಬಾ, ನಾವಿದ್ದೇವೆ ಅಂತ ಅಮ್ಮನ ಬಾಯಿಂದಲೇ ಹೇಳಿಸಿ. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ನಾವಿಕನ ಮನೆಯಾಕೆ

ನನ್ನ ಗಂಡ ಎಲೆಕ್ಟ್ರಿಕಲ್ ಆಫೀಸರ್. ಮನೆಯವರು ಏನು ಮಾಡಬಹುದು ಅಂತ ಕೇಳಿದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಫೋನಿಗೆ ಕಾಯುವುದನ್ನು ಕಲಿಯಿರಿ. 2020ರ ಜುಲೈ 25ರಂದು ವಕಾಶಿಯೊ ಅನ್ನುವ ಬಲ್ಕ್ ಕ್ಯಾರಿಯರ್ ಮಾರಿಷಸ್‌ನ ಹವಳದ ದಿಬ್ಬಕ್ಕೆ ಹತ್ತಿತು. ಸುಮಾರು 1000 ಟನ್ ಎಣ್ಣೆ ಸಮುದ್ರಕ್ಕೆ ಹೋಯಿತು. ತೀರದಿಂದ 22 ನಾಟಿಕಲ್ ಮೈಲಿ ದೂರ ಹೋಗಬೇಕಿದ್ದ ದಾರಿಯನ್ನು ಮೊದಲು 5 ಮೈಲಿಗೆ ತಂದರು, ಆಮೇಲೆ ಮೊಬೈಲ್ ಸಿಗ್ನಲ್ ಸಿಗಲಿ ಅಂತ 2 ಮೈಲಿಗೆ ತರಲು ಹೊರಟರು. ಕೊರೋನಾ ಕಾಲ ಅದು. ಮನೆಯವರ ಧ್ವನಿ ಕೇಳಬೇಕು ಅನ್ನುವ ಆಸೆ ಎಷ್ಟಿರುತ್ತದೆ ಅಂತ ನನಗೆ ಗೊತ್ತು, ಅದನ್ನು ಓದಿ ನಾನು ಅತ್ತುಬಿಟ್ಟೆ. ಅದಕ್ಕೂ ಮೊದಲು "ಯಾಕೆ ಎರಡು ದಿನ ಫೋನ್ ಮಾಡಲಿಲ್ಲ" ಅಂತ ನಾನೇ ಎಷ್ಟೋ ಸಲ ಜಗಳ ಆಡಿದ್ದೆ. ಈಗ ಆಡುವುದಿಲ್ಲ. ಅವರ ವಾಚ್ (ಡ್ಯೂಟಿ ಪಾಳಿ) ಸಮಯ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ, ಮಲಗುವ ಹೊತ್ತಿನಲ್ಲಿ ಮೆಸೇಜ್ ಕೂಡ ಹಾಕುವುದಿಲ್ಲ. ಕೆಟ್ಟ ಸುದ್ದಿ ಇದ್ದರೆ ವಾಚ್ ಮುಗಿದ ಮೇಲೆ ಹೇಳುತ್ತೇನೆ.

ಇನ್ನೊಂದು, ಅವನನ್ನು ಕಳಿಸುತ್ತಿರುವ ಏಜೆನ್ಸಿಗೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಕೆಲಸ ಕೊಡಿಸಲು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಾಂಟ್ರಾಕ್ಟ್, ಪಾಸ್‌ಪೋರ್ಟ್, ಸಿಡಿಸಿ (ನಾವಿಕನ ಸೇವಾ ಪುಸ್ತಕ) ಪ್ರತಿ ಮನೆಯಲ್ಲಿ ಒಂದು ಇರಲಿ.

ಗಿರಿನಗರದ ಅಕ್ಕ

ಎಲ್ಲವನ್ನೂ ನಿನ್ನೆ ರಾತ್ರಿ ಊಟದ ಹೊತ್ತಿಗೆ ಓದಿ ಹೇಳಿದೆ. ಹಗೇವಿನ ಕಥೆ ಕೇಳಿ ತಮ್ಮ ಫೋನ್ ಕೆಳಗಿಟ್ಟ. ಅಮ್ಮ ತಾವಾಗೇ "ಬೇಡ ಅನ್ನಿಸಿದರೆ ಬಂದುಬಿಡು" ಅಂದರು. ಏಜೆನ್ಸಿ ಹೆಸರು ಪಟ್ಟಿಯಲ್ಲಿ ಇದೆ, ನೋಡಿದೆ. ಈಗ ಅವನೇ ಒಂದು ಪ್ರಶ್ನೆ ಕೇಳುತ್ತಿದ್ದಾನೆ: ಮೀಟರನ್ನು ಟ್ಯಾಂಕಿನ ಬಾಯಲ್ಲಿ ಹಿಡಿದು 20.9 ಬಂದರೆ ಸಾಕಾ?

ಹಳೇ ಎಂಜಿನಿಯರ್, ಮಲ್ಲೇಶ್ವರ

ಸಾಲದು, ಮತ್ತು ಅವನು ಇದನ್ನು ಕೇಳಿದ್ದು ನನಗೆ ತುಂಬಾ ಸಂತೋಷ. ಬಾಯಲ್ಲಿ ಹೊರಗಿನ ಗಾಳಿಯೇ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತವೆ. ಮೀಥೇನ್ ಹಗುರ, ಮೇಲಿನ ಮೂಲೆಗಳಲ್ಲಿ ಸೇರುತ್ತದೆ. ಹಾಗಾಗಿ ಮೀಟರ್‌ಗೆ ಉದ್ದದ ಟ್ಯೂಬ್ ಹಾಕಿ ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ಹೊರಗಿನಿಂದಲೇ ನೋಡಬೇಕು. ಟ್ಯೂಬ್ ಉದ್ದ ಇದ್ದಷ್ಟೂ ಕೆಳಗಿನ ಗಾಳಿ ಮೀಟರ್‌ಗೆ ಬರಲು ಹೊತ್ತು ಹಿಡಿಯುತ್ತದೆ, ಒಂದೊಂದು ಮೀಟರ್‌ಗೆ ಎಷ್ಟು ಕಾಯಬೇಕು ಅಂತ ಅದರ ಪುಸ್ತಕದಲ್ಲಿ ಇರುತ್ತದೆ. ಆತುರದಲ್ಲಿ ಓದಿದರೆ ಟ್ಯೂಬಿನಲ್ಲೇ ಇದ್ದ ಒಳ್ಳೆಯ ಗಾಳಿಯನ್ನು ಓದಿದಂತೆ. ಫ್ಯಾನ್ ಓಡುತ್ತಿರುವಾಗ ನೋಡಬಾರದು, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು, ಜನ ಇಳಿಯುವಾಗ ಮತ್ತೆ ಹಾಕಬೇಕು. ಒಳಗೆ ಹೋಗುವವರ ಎದೆಯ ಮೇಲೂ ಒಂದು ಮೀಟರ್ ಇರಬೇಕು, ಏಕೆಂದರೆ ಕೆಸರು ಕೆದಕಿದಾಗ, ತುಕ್ಕು ಕೆರೆದಾಗ ಹೊಸದಾಗಿ ಅನಿಲ ಏಳಬಹುದು. ಮೊಟ್ಟೆ ಕೊಳೆತ ವಾಸನೆ ಬಂದು ಆಮೇಲೆ ನಿಂತರೆ ಅನಿಲ ಹೋಯಿತು ಅಂದುಕೊಳ್ಳಬಾರದು, ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದಾಗ ಮೂಗೇ ಸತ್ತುಹೋಗುತ್ತದೆ.

ಟ್ಯೂಬ್ ತಳ ಮುಟ್ಟದಿದ್ದರೆ ತಳದ ಗಾಳಿಯನ್ನು ಯಾರೂ ನೋಡಿಲ್ಲ ಅಂತಲೇ ಲೆಕ್ಕ, ಒಳಗೆ ಇಳಿಯಲು ಕೊಡುವ ಪರ್ಮಿಟ್‌ಗೆ ಸಹಿ ಬೀಳಬಾರದು.

ಹೊರಡುವ ಮೊದಲು ಒಂದು ಭಾನುವಾರ ಅವನನ್ನು ಮಲ್ಲೇಶ್ವರಕ್ಕೆ ಕಳಿಸಿ. ನನ್ನ ಹತ್ತಿರ ಹಳೆಯ ಮೀಟರ್ ಒಂದು, ಟ್ಯೂಬ್ ಸಮೇತ ಇದೆ. ನಮ್ಮ ಮನೆಯ ಸಂಪಿನ ಮುಚ್ಚಳ ತೆಗೆದು, ಹೊರಗೆ ಕೂತೇ, ಹೇಗೆ ಇಳಿಸಬೇಕು, ಎಷ್ಟು ಕಾಯಬೇಕು ಅಂತ ಅವನ ಕೈಯಲ್ಲೇ ಮಾಡಿಸುತ್ತೇನೆ.